ಹೊರೆ ಹೊರುವ ಪೆಟ್ಟಿಗೆ

ಬಿಡಿಭಾಗಗಳನ್ನು ಕೊಂಡುತಂದು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸಿಕೊಳ್ಳುವ ಹವ್ಯಾಸ ನಮ್ಮ ಜಿಲ್ಲೆಯ ತರುಣರಲ್ಲಿಯೂ ಬೇರೂರಿದೆ. ಶಂಕರಘಟ್ಟದ ಸುತ್ತಿನ ಊರುಗಳ ಹುಡುಗರು ಆಟಕ್ಕೆಂದೇ ಇಂಥ ಯಂತ್ರಗಳನ್ನು ಕಟ್ಟುತ್ತಾರೆ. ನಾನು ಕನ್ನಡ ಪಾಠ ಹೇಳುವವನು. ಆದರೂ ಅವರ ಮಾತಿಗೆ ಕಿವಿಗೊಡುವುದುಂಟು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಕುರಿತು ವಾರಗಟ್ಟಲೆ ಚರ್ಚಿಸುವವರು, ಅದಕ್ಕೆ ಅನ್ನವಿಕ್ಕುವ ಪವರ್ ಸಪ್ಲೈ ಪೆಟ್ಟಿಗೆಯ ಮಾತು ಬಂದೊಡನೆ ‘ಮಿಕ್ಕ ಹಣದಲ್ಲಿ ಯಾವುದಾದರೊಂದು’ ಎಂದುಬಿಡುತ್ತಾರೆ. ಅಡಕೆ ಮಾರಿದ ಹಣದಲ್ಲಿ ತಂದೆ ಕೊಡಿಸಿದ ಯಂತ್ರಕ್ಕೆ ಈ ಔದಾಸೀನ್ಯ ಸಲ್ಲದು. ಕೀಳು ಪೆಟ್ಟಿಗೆ ಕೆಟ್ಟಾಗ ತಾನೊಂದೇ ಕೆಡುವುದಿಲ್ಲ. ತನ್ನನ್ನು ನಂಬಿದ ಬೆಲೆಬಾಳುವ ಭಾಗಗಳನ್ನೂ ಜೊತೆಗೊಯ್ಯಬಹುದು.

ವಿದ್ಯುತ್ತಿನ ಆಸರೆಯನ್ನು ಹೇಗೆ ಆರಿಸಬೇಕೆಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಹಿಂದಿನವರು ಅದನ್ನು ಬಗೆಹರಿಸಿದ ರೀತಿಯನ್ನು ನೋಡಿದರೆ ಇಂದಿನ ಹುಡುಗನಿಗೂ ದಾರಿ ಕಾಣುತ್ತದೆ.

ಮೊದಲನೆಯ ಪಾಠ ಶಿವನಸಮುದ್ರದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕಾವೇರಿಯ ಧುಮುಕಿನಿಂದ ವಿದ್ಯುಚ್ಛಕ್ತಿ ತೆಗೆಯುವ ಯೋಜನೆಯಾದಾಗ, ಶಕ್ತಿಯನ್ನು ಹುಟ್ಟಿಸಿ ಆಮೇಲೆ ಗಿರಾಕಿಯನ್ನು ಹುಡುಕೋಣವೆಂದು ಯಾರೂ ಹೊರಡಲಿಲ್ಲ. ಕೋಲಾರದ ಚಿನ್ನದ ಗಣಿಗಳಿಗೆ ಎಷ್ಟು ಶಕ್ತಿ ಬೇಕೆಂಬುದು ಮೊದಲು ನಿಶ್ಚಯವಾಯಿತು. ಗಣಿಗಳ ವ್ಯವಸ್ಥಾಪಕರೊಡನೆ ಕರಾರಾಯಿತು. ಯಂತ್ರಗಳು ಬಂದದ್ದು ಅನಂತರ. ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. 1902ರ ಜೂನ್ ತಿಂಗಳಲ್ಲಿ ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಮೊದಲು ಹೊರೆಯ ಲೆಕ್ಕ, ಆಮೇಲೆ ಯಂತ್ರದ ಆಯ್ಕೆ: ಈ ಕ್ರಮವೇ ಆ ಯೋಜನೆಯ ಬಲ.

ಎರಡನೆಯ ಪಾಠ ನಮ್ಮ ಭದ್ರಾವತಿಯದು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಆದರೆ ಹತ್ತಿರದಲ್ಲೆಲ್ಲಿಯೂ ಕಲ್ಲಿದ್ದಲಿರಲಿಲ್ಲ. ಆದುದರಿಂದ 1923ರಲ್ಲಿ ಹೊತ್ತಿಕೊಂಡ ಕುಲುಮೆ ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲನ್ನು ಉಂಡು ಕಬ್ಬಿಣ ಕೊಟ್ಟಿತು. ಕಾರ್ಖಾನೆ ಎಲ್ಲಿ ನಿಲ್ಲಬೇಕು, ಎಷ್ಟು ದೊಡ್ಡದಾಗಬೇಕು ಎಂಬುದನ್ನು ಅದಿರಿನಷ್ಟೇ ಇಂಧನವೂ ನಿರ್ಧರಿಸಿತು. ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. ಅದರ ಶಕ್ತಿ ಒದಗಿದ ಮೇಲೆ, 1950ರ ದಶಕದಲ್ಲಿ, ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಕೆಲಸಕ್ಕೆ ನಿಂತವು. ಪೂರೈಕೆ ಬದಲಾದಾಗ ಕಾರ್ಖಾನೆಯ ಕೆಲಸದ ರೀತಿಯೂ ಬದಲಾಯಿತು.

ಇನ್ನು ಪೆಟ್ಟಿಗೆಯ ಚರಿತ್ರೆಗೆ ಬರೋಣ. ಗೋಡೆಯ ಪ್ಲಗ್ಗಿನಲ್ಲಿ ನಮಗೆ ದೊರೆಯುವುದು 230 ವೋಲ್ಟಿನ, ಸೆಕೆಂಡಿಗೆ 50 ಬಾರಿ ಆವರ್ತಿಸುವ ವಿದ್ಯುತ್ತು. ಗಣಕಕ್ಕೆ ಬೇಕಾದದ್ದು 12, 5, 3.3 ವೋಲ್ಟುಗಳ ಏಕಮುಖ ವಿದ್ಯುತ್ತು. ಇದನ್ನು ಹಳೆಯ ಕ್ರಮದಲ್ಲಿ ಮಾಡಲು ಭಾರವಾದ ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್ ಬೇಕು. ಆವರ್ತ ಕಡಮೆಯಾದಷ್ಟೂ ಕಬ್ಬಿಣದ ತೂಕ ಹೆಚ್ಚು. ಶಿವನಸಮುದ್ರದ ಮೊದಲ ವಿದ್ಯುತ್ತಿನ ಆವರ್ತ ಕೇವಲ 25. ಅದರ ಯಂತ್ರಗಳಿಗೆ ಕಬ್ಬಿಣ ಎಷ್ಟು ಬೇಕಾಗಿತ್ತೆಂದು ಊಹಿಸಿಕೊಳ್ಳಬಹುದು. ಈ ಸೂತ್ರವನ್ನೇ ತಿರುಗಿಸಿ ಹಿಡಿದದ್ದು ‘ಸ್ವಿಚಿಂಗ್’ ಪದ್ಧತಿ. ಬಂದ ವಿದ್ಯುತ್ತನ್ನು ಮೊದಲು ಏಕಮುಖ ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಬಿಟ್ಟರೆ, ಅಂಗೈಯಲ್ಲಿ ಹಿಡಿಸುವ ಟ್ರಾನ್ಸ್‌ಫಾರ್ಮರೇ ಸಾಕಾಗುತ್ತದೆ. 1977ರ ಆಪಲ್ 2 ಗಣಕಕ್ಕೆ ರಾಡ್ ಹೋಲ್ಟ್ ಎಂಬ ಎಂಜಿನಿಯರು ಇಂಥ ಹಗುರವಾದ ಪೆಟ್ಟಿಗೆಯನ್ನು ರಚಿಸಿದರು. 1995ರಲ್ಲಿ ಇಂಟೆಲ್ ಕಂಪೆನಿ ಎಟಿಎಕ್ಸ್ ಎಂಬ ಮಾದರಿಯನ್ನು ಹೊರಡಿಸಿದ ಮೇಲೆ ಯಾರ ಪೆಟ್ಟಿಗೆ ಯಾರ ಯಂತ್ರಕ್ಕಾದರೂ ಕೂಡುವಂತಾಯಿತು. ಮನೆಯಲ್ಲಿ ಗಣಕ ಕಟ್ಟುವ ಹವ್ಯಾಸ ಹರಡಲು ಇದೂ ಒಂದು ಕಾರಣ.

ಹೊರೆ ಮಾತ್ರ ಬೆಳೆಯುತ್ತಲೇ ಹೋಯಿತು. 1981ರ ಐಬಿಎಂ ಗಣಕದ ಪೆಟ್ಟಿಗೆಯ ಸಾಮರ್ಥ್ಯ 63.5 ವಾಟ್. 2025ರಲ್ಲಿ ಬಂದ ಆರ್‌ಟಿಎಕ್ಸ್ 5090 ಎಂಬ ಕಾರ್ಡೊಂದಕ್ಕೇ 575 ವಾಟ್ ಬೇಕು. ಐಬಿಎಂನ ಒಂಬತ್ತು ಪೆಟ್ಟಿಗೆಗಳನ್ನು ಒಟ್ಟುಗೂಡಿಸಿದರೂ ಆ ಒಂದು ಕಾರ್ಡಿಗೆ ಸಾಲದು! ಮೇಲಾಗಿ ಇಂದಿನ ಕಾರ್ಡುಗಳು ಒಂದೇ ಸಮನಾಗಿ ಉಣ್ಣುವುದಿಲ್ಲ. ಕಣ್ಣೆವೆ ಮುಚ್ಚುವುದಕ್ಕಿಂತಲೂ ಎಷ್ಟೋ ಕಡಮೆ ಹೊತ್ತಿನಲ್ಲಿ ಒಮ್ಮೆಲೇ ಹೆಚ್ಚು ಸೆಳೆದು ಸುಮ್ಮನಾಗುತ್ತವೆ. 2022ರ ಎಟಿಎಕ್ಸ್ 3.0 ನಿಯಮವು ಇದನ್ನು ಮನಗಂಡು, ಹೊಸ ಬಗೆಯ ಕಾರ್ಡುಗಳಿಗಾಗಿ ಮಾಡಿದ ಪೆಟ್ಟಿಗೆ ತನ್ನ ಸಾಮರ್ಥ್ಯದ ಇಮ್ಮಡಿ ಹೊರೆಯನ್ನು ಸೆಕೆಂಡಿನ ಹತ್ತುಸಾವಿರದಲ್ಲೊಂದು ಭಾಗದಷ್ಟು ಹೊತ್ತಾದರೂ ತಡೆದುಕೊಳ್ಳಬೇಕೆಂದು ವಿಧಿಸಿತು.

ಹಾಗಾದರೆ ಆರಿಸುವುದು ಹೇಗೆ? ಶಿವನಸಮುದ್ರದವರಂತೆ ಹೊರೆಯಿಂದ ತೊಡಗಬೇಕು. ಪ್ರೊಸೆಸರಿಗೆ 120 ವಾಟ್, ಕಾರ್ಡಿಗೆ 200, ಉಳಿದ ಭಾಗಗಳಿಗೆಲ್ಲ 60 ಎಂದಿಟ್ಟುಕೊಳ್ಳೋಣ. ಒಟ್ಟು 380 ಆಯಿತು. ಇದಕ್ಕೆ 400ರ ಪೆಟ್ಟಿಗೆ ಬಿಗಿಯಾಗುತ್ತದೆ, 1000ದ್ದು ದುಂದು, 550 ಅಥವಾ 650 ತಕ್ಕದ್ದು. ಮೇಲಿನ ಚೀಟಿಯಲ್ಲಿರುವ ದೊಡ್ಡ ಅಂಕಿಯನ್ನು ಮಾತ್ರ ನಂಬಬಾರದು. ಇಂದಿನ ಗಣಕದ ಹೊರೆಯ ಬಹುಪಾಲು ಬೀಳುವುದು 12 ವೋಲ್ಟಿನ ದಾರಿಯ ಮೇಲೆ. ಆ ದಾರಿಯಲ್ಲಿ ಎಷ್ಟು ಆಂಪಿಯರ್ ಎಂಬುದನ್ನು ಚೀಟಿಯಲ್ಲಿಯೇ ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ. ಅದನ್ನು 12ರಿಂದ ಗುಣಿಸಿದರೆ ನಿಜವಾದ ವಾಟ್ ತಿಳಿಯುತ್ತದೆ. ಹೊರೆ ಮಿತಿಮೀರಿದಾಗ, ತಂತಿ ತಾಗಿಕೊಂಡಾಗ, ವೋಲ್ಟು ಏರಿದಾಗ ತಾನೇ ಕೆಲಸ ನಿಲ್ಲಿಸುವ ರಕ್ಷಣೆಗಳಿವೆಯೇ ಎಂಬುದನ್ನೂ ವಿಚಾರಿಸಬೇಕು.

‘80 ಪ್ಲಸ್’ ಎಂಬ ಮುದ್ರೆ 2004ರಿಂದ ರೂಢಿಗೆ ಬಂದಿದೆ. ಗೋಡೆಯಿಂದ ಪಡೆದ ಶಕ್ತಿಯಲ್ಲಿ ಕನಿಷ್ಠ ನೂರಕ್ಕೆ 80 ಭಾಗ ಗಣಕಕ್ಕೆ ತಲುಪುತ್ತದೆಂದು ಅದರ ಅರ್ಥ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಈ ಮುದ್ರೆ ಮಿತವ್ಯಯಕ್ಕೆ ಸಾಕ್ಷಿಯೇ ಹೊರತು ರಕ್ಷಣೆಗೆ ಸಾಕ್ಷಿಯಲ್ಲ. ಆದರೂ ಅದನ್ನು ಅಲ್ಲಗಳೆಯುವಂತಿಲ್ಲ. ಗಣಕಕ್ಕೆ 300 ವಾಟ್ ಬೇಕಾದಾಗ ನೂರಕ್ಕೆ 80ರ ಪೆಟ್ಟಿಗೆ 375 ವಾಟ್ ಸೆಳೆದರೆ, 90ರ ಪೆಟ್ಟಿಗೆ 333 ಸೆಳೆಯುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ ಸುಮಾರು 60 ಯೂನಿಟ್ಟಿನ ಅಂತರ. ಹಣದ ಲೆಕ್ಕದಲ್ಲಿ ಇದು ಅಲ್ಪವೆನಿಸೀತು. ಆದರೆ ನಮ್ಮ ಜಿಲ್ಲೆಯವರು ವಿದ್ಯುತ್ತನ್ನು ಹಣದಿಂದಷ್ಟೇ ಅಳೆಯುವಂತಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾದಾಗ ಶರಾವತಿಯ ಕಣಿವೆಯ ಮನೆ, ಗದ್ದೆ, ತೋಟಗಳು ನೀರಿನಡಿ ಸೇರಿದವು. ಅಲ್ಲಿಂದೆದ್ದು ಬಂದ ಕುಟುಂಬಗಳಲ್ಲಿ ಅನೇಕರಿಗೆ ಹೊಸ ನೆಲದ ಹಕ್ಕುಪತ್ರ ದಶಕಗಳವರೆಗೆ ಕೈಗೆ ಬರಲಿಲ್ಲ. ಅಷ್ಟು ಬೆಲೆ ತೆತ್ತು ಪಡೆದ ಶಕ್ತಿಯನ್ನು ಒಂದು ಪೆಟ್ಟಿಗೆಯೊಳಗೆ ಸುಮ್ಮನೆ ಬಿಸಿ ಮಾಡಿ ಊದಿಬಿಡುವುದು ತರವೇ?

ನಮ್ಮ ಕಡೆಗೇ ಸಲ್ಲುವ ಮಾತೊಂದುಂಟು. ಶಂಕರಘಟ್ಟದ ಮಗ್ಗುಲಲ್ಲಿಯೇ ಭದ್ರಾ ಅಣೆಕಟ್ಟೂ ಅದರ ವಿದ್ಯುದಾಗಾರಗಳೂ ಇವೆ. ಆದರೆ ದೀಪದ ಬುಡದ ಕತ್ತಲೆ ಎಲ್ಲರಿಗೂ ಗೊತ್ತಿರುವುದೇ. ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ವಿದ್ಯುತ್ತು ಹೋಯಿತೆಂದೇ ಅರ್ಥ. ಒಳ್ಳೆಯ ಪೆಟ್ಟಿಗೆ ಕೂಡ, ಪೂರ್ಣ ಹೊರೆಯಿದ್ದಾಗ, ಪ್ರವಾಹ ನಿಂತ ಮೇಲೆ ಸೆಕೆಂಡಿನ ಸಾವಿರದಲ್ಲಿ ಹದಿನಾರು ಹದಿನೇಳು ಭಾಗ ಕಾಲ ತಡೆಯಬಲ್ಲದು, ಅಷ್ಟೆ. ಯುಪಿಎಸ್ ಎಚ್ಚತ್ತು ಹೊರೆ ಹೊತ್ತುಕೊಳ್ಳುವುದು ಆ ಅವಕಾಶದಲ್ಲಿಯೇ. ಕೀಳು ಪೆಟ್ಟಿಗೆಗೆ ಆ ತಾಳ್ಮೆಯೂ ಇರುವುದಿಲ್ಲ. ಯುಪಿಎಸ್ ಇದ್ದೂ ಯಂತ್ರ ಆರಿಹೋದೀತು. ಆದುದರಿಂದ ಒಳ್ಳೆಯ ಪೆಟ್ಟಿಗೆಯೊಡನೆ ಒಳ್ಳೆಯ ಯುಪಿಎಸ್ ಇರಬೇಕು. ಮನೆಯ ಭೂಸಂಪರ್ಕ ಸರಿಯಾಗಿರಬೇಕು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನು ಕಳಚಿಡಬೇಕು.

ಕಾರ್ಡು ಇಂದಿನದು ಎರಡು ಮೂರು ವರ್ಷಗಳಲ್ಲಿ ಹಳತಾಗುತ್ತದೆ. ಉತ್ತಮ ಪೆಟ್ಟಿಗೆಗೆ ತಯಾರಕರು ಹತ್ತು ವರ್ಷಗಳ ಖಾತರಿ ಕೊಡುವುದೂ ಉಂಟು. ಕಾರ್ಡು ಬದಲಾದರೂ ಅದು ಉಳಿದು ಮುಂದಿನ ಯಂತ್ರಕ್ಕೂ ಒದಗುತ್ತದೆ. ನಮ್ಮ ತರುಣರು ಖರ್ಚಿನ ಪಟ್ಟಿ ಬರೆಯುವಾಗ ಪೆಟ್ಟಿಗೆಯ ಹೆಸರನ್ನು ಕೊನೆಯ ಸಾಲಿಗೆ ತಳ್ಳದೆ ಮೊದಲಿನ ಸಾಲುಗಳಲ್ಲಿ ಬರೆದರೆ, ಅದಕ್ಕಾಗಿ ಕಾರ್ಡನ್ನು ಒಂದು ಮೆಟ್ಟಿಲು ಕೆಳಗಿಳಿಸಬೇಕಾಗಿ ಬಂದರೂ, ಅವರಿಗೆ ನಷ್ಟವಿಲ್ಲ.