ಲತೀನ್ ಪಂಡಿತರು ಕನ್ನಡದ ಶಿಷ್ಯರಾದ ಕಥೆ
(ಸೆಪ್ಟೆಂಬರ್ 30, ಸಂತ ಜೆರೋಮರ ಹಬ್ಬದ ನಿಮಿತ್ತ)



ಧರ್ಮಸಭೆಯ ಲತೀನ್ ಪಂಡಿತರಲ್ಲಿ ಮೊದಲು ನೆನಪಾಗುವವರು ಸಂತ ಜೆರೋಮರು. ಕ್ರಿ.ಶ. 382ರಲ್ಲಿ ಜಗದ್ಗುರು ದಾಮಾಸುಸ್ ಅವರು ಇವರಿಗೆ ಶುಭಸಂದೇಶಗಳ ಲತೀನ್ ಅನುವಾದವನ್ನು ತಿದ್ದುವ ಕೆಲಸ ಒಪ್ಪಿಸಿದರು. ಆ ಕೆಲಸ ಬೆಳೆದು ಅವರ ಜೀವನದ ತಪಸ್ಸೇ ಆಯಿತು. ಲತೀನ್ ಭಾಷೆಯಲ್ಲಿ ತಮಗೆ ಸಮನಿಲ್ಲದಿದ್ದರೂ ಅವರು ಸಿರಿಯಾದ ಮರುಭೂಮಿಯಲ್ಲಿ ಯೆಹೂದ್ಯ ಮೂಲದ ಕ್ರೈಸ್ತ ಸನ್ಯಾಸಿಯೊಬ್ಬರ ಮುಂದೆ ಕುಳಿತು ಹೀಬ್ರೂ ಅಕ್ಷರ ತಿದ್ದಿದರು. ಮುಂದೆ ಬೆತ್ಲೆಹೇಮಿನಲ್ಲಿ ನೆಲೆಸಿ, 420ರಲ್ಲಿ ತೀರಿಕೊಳ್ಳುವವರೆಗೂ ದೇವರ ವಾಕ್ಯದ ಸೇವೆ ಮಾಡಿದರು. ಅವರ ಬೈಬಲ್ 'ವುಲ್ಗಾತಾ' ಎನಿಸಿತು, ಎಂದರೆ ಸಾಮಾನ್ಯ ಜನರ ಬಳಕೆಯದು. ಇಂದು ಲತೀನ್ ಎಂದರೆ ನಮಗೆ ಅರ್ಥವಾಗದ ಭಾಷೆ. ಆದರೆ ಅಂದು ಅದನ್ನು ಆರಿಸಿಕೊಂಡದ್ದು ಜನರಿಗೆ ಅರ್ಥವಾಗಲಿ ಎಂದೇ.

ಅದೇ ಬಗೆಯ ಪಂಡಿತರು ನಮ್ಮ ನಾಡಿಗೂ ಬಂದಿದ್ದರು. ನಾವು ಅವರನ್ನು ಬಹುಮಟ್ಟಿಗೆ ಮರೆತಿದ್ದೇವೆ.

ಕೊಡಗಿನ ಕಥೋಲಿಕರ ಚರಿತ್ರೆ ಶುರುವಾಗುವುದು ಸಂಕಟದಿಂದ. 1784ರಲ್ಲಿ ಟಿಪ್ಪು ಸುಲ್ತಾನರು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸು ದೊಡ್ಡ ವೀರರಾಜೇಂದ್ರರು ಆಶ್ರಯ ಕೊಟ್ಟರು. 1792ರಲ್ಲಿ ತಾವು ಕಟ್ಟಿಸಿದ ವೀರರಾಜಪೇಟೆಯಲ್ಲಿ ದೇವಾಲಯಕ್ಕೆ ಜಾಗವನ್ನೂ ಕೊಟ್ಟರು. ಅದೇ ಇಂದಿನ ಸಂತ ಅನ್ನಮ್ಮನವರ ದೇವಾಲಯ. ಹೀಗೆ ಬಂದವರ ಮನೆಮಾತು ಕೊಂಕಣಿ, ಊರಿನ ಮಾತು ಕೊಡವ, ಅರಮನೆಯ ಬರಹ ಕನ್ನಡ. ದೊಡ್ಡ ವೀರರಾಜೇಂದ್ರರ ಕಾಲದ ಚರಿತ್ರೆಯಾದ 'ರಾಜೇಂದ್ರನಾಮೆ' ಕೂಡ ಕನ್ನಡದ್ದೇ. ಬಲಿಪೂಜೆ ಮಾತ್ರ ಲತೀನಿನಲ್ಲಿ ನಡೆಯುತ್ತಿತ್ತು. ಇಷ್ಟು ಭಾಷೆಗಳ ನಡುವೆ ಗುರುಗಳು ಜನರ ಪಾಪನಿವೇದನೆ ಕೇಳಬೇಕು, ಮಕ್ಕಳಿಗೆ ಧರ್ಮೋಪದೇಶ ಹೇಳಬೇಕು. ಸೇತುವೆ ಕಟ್ಟದೆ ಗತಿಯಿರಲಿಲ್ಲ.

ಆ ಸೇತುವೆ ಕಟ್ಟಿದವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು. ಅವರಲ್ಲಿ ಹಿರಿಯರು ಧರ್ಮಾಧ್ಯಕ್ಷ ಎತಿಯೆನ್ ಲೂಯಿ ಶಾರ್ಬೊನೋ. 1830ರ ಸುಮಾರಿಗೆ ಫ್ರಾನ್ಸಿನಿಂದ ಬಂದ ಅವರು 1850ರಲ್ಲಿ ಮೈಸೂರು ಸೀಮೆಯ ಪ್ರೇಷಿತ ಪ್ರತಿನಿಧಿಯಾದರು. ಕೊಡಗು ಕೂಡ ಅವರ ಪಾಲನೆಗೆ ಸೇರಿತ್ತು. 1844ರ ಪುದುಚೇರಿ ಸಭಾಕೂಟವು ಈ ದೇಶದ ಮಕ್ಕಳೇ ಗುರುಗಳಾಗಬೇಕು, ಅದಕ್ಕೆ ವಿದ್ಯೆ ಬೇಕು ಎಂದು ಒತ್ತಿಹೇಳಿತ್ತು. ಶಾರ್ಬೊನೋ ಆ ಮಾತನ್ನು ಕಾಗದದ ಮೇಲೆ ಉಳಿಯಲು ಬಿಡಲಿಲ್ಲ. ಬೆಂಗಳೂರಿನಲ್ಲಿ ಗುರುಮಠವನ್ನೂ ಮುದ್ರಣಾಲಯವನ್ನೂ ನಡೆಸಿದರು. 1854ರಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರನ್ನು ಬರಮಾಡಿಕೊಂಡು ಹೆಣ್ಣುಮಕ್ಕಳ ಶಿಕ್ಷಣಕ್ಕೆ ದಾರಿ ಮಾಡಿದರು.

ಆ ಮುದ್ರಣಾಲಯದಿಂದ ಎರಡು ದೊಡ್ಡ ನಿಘಂಟುಗಳು ಬಂದವು: 1855ರಲ್ಲಿ ಕನ್ನಡ-ಲತೀನ್ ನಿಘಂಟು, 1861ರಲ್ಲಿ ಲತೀನ್-ಕನ್ನಡ ನಿಘಂಟು. ಈ ಶ್ರಮದ ಹಿಂದೆ ಶಾರ್ಬೊನೋ ಮತ್ತು ಗುರು ಬುತೆಲೂ ಅವರ ಹೆಸರುಗಳಿವೆ. ಮೊದಲನೆಯದು ಕನ್ನಡ ಕಲಿಯಬೇಕಾದ ಪರದೇಶದ ಗುರುವಿಗೆ ಊರುಗೋಲು. ಎರಡನೆಯದು ಲತೀನ್ ಕಲಿಯಬೇಕಾದ ಕನ್ನಡದ ಹುಡುಗನಿಗೆ ಏಣಿ. ಅಂದಿನ ಗುರುಮಠಗಳಲ್ಲಿ ದೈವಶಾಸ್ತ್ರದ ಪಾಠ ನಡೆಯುತ್ತಿದ್ದುದು ಲತೀನಿನಲ್ಲಿ. ಆ ಏಣಿ ಇಲ್ಲದಿದ್ದರೆ ಹಳ್ಳಿಯ ಹುಡುಗ ಬಲಿಪೀಠದ ಬಳಿಗೆ ಏರುವುದು ಎಷ್ಟು ಕಷ್ಟವಾಗುತ್ತಿತ್ತು!

ಕೊಡಗಿನವರಾದ ನಮಗೆ 1855 ಇನ್ನೊಂದು ಕಾರಣಕ್ಕೂ ನೆನಪಿರಬೇಕು. ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಅವರು ಕೊಡಗಿನ ಕುರಿತು ಬರೆದ ಇಂಗ್ಲಿಷ್ ಗ್ರಂಥವೂ ಬೆಂಗಳೂರಿನಲ್ಲಿ ಅಚ್ಚಾದದ್ದು ಅದೇ ವರ್ಷ. ಮುಂದೆ ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಅವರು ಮಡಿಕೇರಿಯಲ್ಲೂ ಇದ್ದು ಕನ್ನಡದ ಕೆಲಸ ಮಾಡಿದರು. ಅವರ ಮಹಾ ನಿಘಂಟು 1894ರಲ್ಲಿ ಹೊರಬಂತು. ಕಿಟೆಲರನ್ನು ನಾಡು ಗೌರವದಿಂದ ನೆನೆಯುತ್ತದೆ, ಅದು ಸರಿಯೇ. ಶಾರ್ಬೊನೋ ಅವರನ್ನಾದರೂ ನೆನೆಯಬೇಕಾದವರು ಯಾರು? ನಾವಲ್ಲವೇ?

ಈ ಪಂಡಿತರ ಭಾಷೆಯ ಬಂಧು ನಮ್ಮ ತೋಟಗಳಲ್ಲೂ ಇದ್ದಾನೆ. ಕಾಫಿ ತೋಟದ 'ಮೇಸ್ತ್ರಿ' ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದವನು. ಅದರ ಮೂಲ ಲತೀನಿನ 'ಮಾಗಿಸ್ತೆರ್', ಎಂದರೆ ಗುರು. ಮನೆಯ 'ಮೇಜು', ಲತೀನಿನ 'ಮೆನ್ಸಾ'ದ ಮೊಮ್ಮಗ. 'ಇಗರ್ಜಿ'ಯ ಹಿಂದೆ 'ಎಕ್ಲೇಸಿಯಾ' ಇದೆ. ಮಾತುಗಳು ಹೀಗೆ ಗಡಿ ದಾಟಿ ಬಂದು ಮನೆಯವರಾಗುತ್ತವೆ. ಪಾತ್ರಧಾರಿಗಳು ಮಾತ್ರ ಮರೆಯಾಗುತ್ತಾರೆ.

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಕನ್ನಡದಲ್ಲಿ ಬಲಿಪೂಜೆ ನಮ್ಮದಾಯಿತು. ನೂರು ವರ್ಷ ಮೊದಲೇ ಒಂದೊಂದು ಲತೀನ್ ಪದಕ್ಕೂ ಕನ್ನಡದ ಜೊತೆ ಹುಡುಕಿದವರ ಬೆವರು ಆ ದಿನಕ್ಕೆ ನೆಲ ಹದಮಾಡಿತ್ತು. ಹಾಗೆಂದು ಲತೀನ್ ಬೇಡವಾಯಿತೇ? ಇಲ್ಲ. ಹಳೆಯ ಧರ್ಮಕೇಂದ್ರಗಳ ದೀಕ್ಷಾಸ್ನಾನದ ದಾಖಲೆಗಳು ಲತೀನಿನಲ್ಲಿವೆ. ನಮ್ಮ ಮುತ್ತಜ್ಜ ಮುತ್ತಜ್ಜಿಯರ ಹೆಸರು, ಹುಟ್ಟಿದ ದಿನ, ಜ್ಞಾನಪಿತೃಗಳ ಹೆಸರು ಅಲ್ಲಿವೆ. ಆ ಪುಟಗಳನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮಲೆನಾಡಿನ ಮಳೆಗೂ ಗೆದ್ದಲಿಗೂ ಕಾಯುವ ತಾಳ್ಮೆಯಿಲ್ಲ.

ರೋಮಿನಲ್ಲಿ ನಾಲ್ವರು ಜಗದ್ಗುರುಗಳ ಕಾಲದಲ್ಲಿ ಲತೀನ್ ಪತ್ರಗಳ ಕೆಲಸ ಮಾಡಿದ ಕಾರ್ಮೆಲ್ ಸಭೆಯ ಗುರು ರೆಜಿನಾಲ್ಡ್ ಫಾಸ್ಟರ್ 2020ರ ಕ್ರಿಸ್ತಜಯಂತಿಯಂದು ತೀರಿಕೊಂಡರು. ಲತೀನನ್ನು ಸತ್ತ ಭಾಷೆಯಾಗಿ ಕಲಿಸಲು ಒಪ್ಪದ ಪ್ರಾಧ್ಯಾಪಕರು ಅವರು. ಮಾತನಾಡಿಸಿಯೇ ಕಲಿಸುತ್ತಿದ್ದ ಅವರನ್ನು ಶಿಷ್ಯರು ಲೋಕದ ಮೂಲೆಮೂಲೆಯಿಂದ ನೆನೆದರು. ಒಳ್ಳೆಯ ಗುರುವಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಬೇರೆ ಯಾವುದಿದೆ?

ಪ್ರಿಯರೇ, ದೇವರ ವಾಕ್ಯವು ಮನುಷ್ಯರಾಗಿ ನಮ್ಮ ನಡುವೆ ವಾಸಿಸಿತು ಎಂದು ನಂಬುವವರು ನಾವು. ನಜರೇತಿನ ಮನೆಯಲ್ಲಿ ಯೇಸುಸ್ವಾಮಿಯೂ ತಾಯಿಯ ಬಾಯಿಂದ ಊರಿನ ಮಾತು ಕಲಿತರು. ಜೆರೋಮರು, ಶಾರ್ಬೊನೋ ಅವರು ಹಿಡಿದದ್ದು ಅದೇ ದಾರಿ. ಪರರ ಭಾಷೆ ಕಲಿಯುವುದು ಸಹ ಪ್ರೀತಿಯ ಒಂದು ಕಾಯಕ. ಪಾಂಡಿತ್ಯವುಳ್ಳವನು ಮತ್ತೆ ಶಿಷ್ಯನಾಗಿ ಕುಳಿತುಕೊಳ್ಳಬೇಕು. ಅದಕ್ಕೆ ದೀನತೆ ಬೇಕು.

ಈ ಹಬ್ಬದಂದು ನಾವು ಮಾಡಬಹುದಾದದ್ದು ಇಷ್ಟು: ಧರ್ಮಕೇಂದ್ರದ ಹಳೆಯ ದಾಖಲೆಗಳನ್ನು ಒಣ ಜಾಗದಲ್ಲಿಟ್ಟು ಕಾಪಾಡೋಣ. ಹಿರಿಯ ಗುರುಗಳಿದ್ದಾಗಲೇ ಅವರಿಂದ ಓದಿಸಿ ಕನ್ನಡದಲ್ಲಿ ಬರೆದಿಡೋಣ. ಮಕ್ಕಳಿಗೆ ಕನ್ನಡದಲ್ಲಿ ಪ್ರಾರ್ಥನೆ ಕಲಿಸೋಣ. 1873ರಲ್ಲಿ ಕಣ್ಮುಚ್ಚಿದ ಶಾರ್ಬೊನೋ ಅವರಿಗೂ ಹೆಸರು ಮರೆತುಹೋದ ಎಲ್ಲ ಭಾಷಾಗುರುಗಳಿಗೂ ದೇವರು ನಿತ್ಯ ವಿಶ್ರಾಂತಿ ದಯಪಾಲಿಸಲಿ. ಸಂತ ಜೆರೋಮರೇ, ನಮಗಾಗಿ ಪ್ರಾರ್ಥಿಸಿರಿ.