ನಮ್ಮ ಹೊಲದ ಬಗ್ಗೆ ಬರೆದದ್ದನ್ನ ಯಾರು ತಿದ್ದಿದ್ರು?

ಇವತ್ತಿನ ವಿಷಯದ ಹೆಸರು ಕೇಳಿದ ಕೂಡ್ಲೇ ಇಯರ್‌ಫೋನ್ ತೆಗೀಬ್ಯಾಡ್ರಿ. ವಿಷಯ ಪಿಯರ್ ರಿವ್ಯೂ. ಕಾಲೇಜಿನಾಗ ಮೇಷ್ಟ್ರುಗಳು ಪ್ರಮೋಷನ್ ಬಗ್ಗೆ ಮಾತಾಡೋವಾಗ ಕಿವಿಗೆ ಬೀಳೋ ಮಾತು ಅಷ್ಟೇ, ನಮಗೇನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಐತಿ. ಈ ಕಥಿ ಲಂಡನ್ನಿನಲ್ಲಿ ಶುರುವಾಗಿ ನವಲಗುಂದದ ಎರಿ ಹೊಲಕ್ಕೆ ಬರತೈತಿ.

ನಾನು ತಿರ್ಲಾಪುರದವ, ಓದಿದ್ದು ಬಿ.ಕಾಂ. ಮಲಪ್ರಭಾ ಕಾಲುವೆ, ನೀರಿನ ಕರ, ಸವಳು ಜವಳು ಭೂಮಿ ಇವುಗಳ ಮೇಲೆ ದೇಶ ವಿದೇಶದ ಪತ್ರಿಕೆಗಳಲ್ಲಿ ಲೇಖನಗಳಿವೆ. ಒಂದನ್ನು ಮೊಬೈಲಿನಲ್ಲಿ ತೆರೆದರೆ ಮೊದಲ ಪ್ಯಾರಾ ಕಾಣುತ್ತೆ, ಉಳಿದದ್ದಕ್ಕೆ ಮೂವತ್ತು ನಲವತ್ತು ಡಾಲರ್ ಕೇಳುತ್ತೆ. ನಮ್ಮ ಸೀಮೆಯ ನೀರಿನ ಬಗ್ಗೆ ಬರೆದದ್ದನ್ನು ಓದೋಕೆ ನಾವೇ ಡಾಲರ್ ಕೊಡಬೇಕು. ಆಗ ನನಗೆ ಎರಡು ಪ್ರಶ್ನೆ ಬಂದವು. ಇದನ್ನ ಸರಿ ಅಂತ ಯಾರು ಒಪ್ಪಿದ್ರು? ಯಾರು ಓದ್ತಾರ?

ಕಾಮರ್ಸ್‌ನವರಿಗೆ ಆಡಿಟ್ ಗೊತ್ತು. ಕಂಪನಿ ತನ್ನ ಲೆಕ್ಕ ತಾನೇ ಬರೀತೈತಿ, ಹೊರಗಿನವರೊಬ್ಬರು ಬಂದು ತಾಳೆ ನೋಡಿ ಸಹಿ ಹಾಕ್ತಾರ. ಪಿಯರ್ ರಿವ್ಯೂ ಕೂಡ ಹೆಚ್ಚು ಕಡಿಮೆ ಹಾಗೇ. ಸಂಶೋಧಕ ಲೇಖನ ಕಳಿಸುತ್ತಾನೆ. ಸಂಪಾದಕರು ಅದನ್ನು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕೊಡುತ್ತಾರೆ. ಅವರು ಓದಿ, ಇಲ್ಲಿ ಲೆಕ್ಕ ಕೂಡ್ತಿಲ್ಲ, ಇಲ್ಲಿ ಪುರಾವೆ ಸಾಲದು ಅಂತ ಬರೆದು ಕೊಡುತ್ತಾರೆ. ಆದರೆ ಎರಡು ವ್ಯತ್ಯಾಸ. ಆಡಿಟರ್ ಫೀ ತಗೋತಾರ, ಹೆಸರು ಹಾಕಿ ಸಹಿ ಮಾಡ್ತಾರ. ಪಿಯರ್ ರಿವ್ಯೂ ಮಾಡುವವರಿಗೆ ಸಾಮಾನ್ಯವಾಗಿ ಒಂದು ರೂಪಾಯಿಯೂ ಸಿಗುವುದಿಲ್ಲ, ಹೆಸರೂ ಹೊರಗೆ ಬರುವುದಿಲ್ಲ.

ಇದು ಅನಾದಿ ಕಾಲದ ಪದ್ಧತಿಯೇನಲ್ಲ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 'ಫಿಲಾಸಾಫಿಕಲ್ ಟ್ರಾನ್ಸಾಕ್ಷನ್ಸ್' ಅನ್ನೋ ಪತ್ರಿಕೆ ಶುರು ಮಾಡಿದಾಗ ಏನು ಅಚ್ಚಾಗಬೇಕು ಅನ್ನೋದು ಅವರ ಕೈಯಲ್ಲೇ ಇತ್ತು. 1752ರಲ್ಲಿ ಆ ಕೆಲಸ ಒಂದು ಸಮಿತಿಗೆ ಹೋಯಿತು. ಹೊರಗಿನವರ ವರದಿ ಕಡ್ಡಾಯ ಆಗೋಕೆ ಇನ್ನೂ ಬಹಳ ಕಾಲ ಹಿಡಿಯಿತು. 1936ರಲ್ಲಿ ಅಮೆರಿಕದ 'ಫಿಸಿಕಲ್ ರಿವ್ಯೂ' ಐನ್‌ಸ್ಟೈನ್ ಅವರ ಲೇಖನವನ್ನು ಬೇರೊಬ್ಬರಿಗೆ ತೋರಿಸಿ ಅಭಿಪ್ರಾಯ ಕೇಳಿತು. ಐನ್‌ಸ್ಟೈನ್‌ಗೆ ಸಿಟ್ಟು ಬಂದು ಲೇಖನ ವಾಪಸ್ ತಗೊಂಡರು. ಆಮೇಲೆ ನೋಡಿದರೆ ಲೇಖನದಲ್ಲಿ ನಿಜಕ್ಕೂ ತಪ್ಪಿತ್ತು, ತೀರ್ಮಾನ ತಿದ್ದಿ ಬೇರೆ ಕಡೆ ಪ್ರಕಟಿಸಿದರು. 'ನೇಚರ್' ಪತ್ರಿಕೆ ಹೊರಗಿನವರ ಪರಿಶೀಲನೆಯನ್ನು ಎಲ್ಲ ಲೇಖನಕ್ಕೂ ನಿಯಮ ಮಾಡಿಕೊಂಡದ್ದು 1973ರಲ್ಲಿ. ಅಂದ್ರ ಮಲಪ್ರಭಾ ಅಣೆಕಟ್ಟಿನ ಕಾಲದ್ದೇ ಅನ್ನಿ.

ಇದು ವಿಜ್ಞಾನದ ಮಾತಾಯಿತು. ಕಾನೂನಿನ ಕಥೆ ಬೇರೆ. ಅಮೆರಿಕದ ದೊಡ್ಡ ದೊಡ್ಡ ಲಾ ರಿವ್ಯೂಗಳನ್ನು ನಡೆಸುವವರು ವಿದ್ಯಾರ್ಥಿಗಳು. 1887ರಲ್ಲಿ ಶುರುವಾದ 'ಹಾರ್ವರ್ಡ್ ಲಾ ರಿವ್ಯೂ' ಇವತ್ತಿಗೂ ವಿದ್ಯಾರ್ಥಿಗಳದ್ದೇ. ಪ್ರೊಫೆಸರ್ ಬರೀತಾರ, ಹುಡುಗರು ಆರಿಸ್ತಾರ, ಅಡಿಟಿಪ್ಪಣಿ ಒಂದೊಂದನ್ನೂ ಅವರೇ ತಾಳೆ ನೋಡ್ತಾರ. ಅದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆದರೆ ಆ ಲೇಖನ ಎಲ್ಲಿಗೆ ಮುಟ್ಟುತ್ತೆ ನೋಡ್ರಿ.

1999ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಆಂಧ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಎಂ.ವಿ. ನಾಯುಡು ಅವರ ನಡುವಿನ ಪ್ರಕರಣ. ಹೈದರಾಬಾದಿಗೆ ಕುಡಿಯೋ ನೀರು ಕೊಡುವ ಹಿಮಾಯತ್ ಸಾಗರ, ಉಸ್ಮಾನ್ ಸಾಗರಗಳ ಹತ್ತಿರ ಒಂದು ಕಾರ್ಖಾನೆ ಬರಬಹುದೋ ಇಲ್ಲವೋ ಅನ್ನೋದು ಪ್ರಶ್ನೆ. ಹಾನಿ ಆಗೇ ಆಗುತ್ತೆ ಅಂತ ಪೂರ್ತಿ ಸಾಬೀತಾಗದಿದ್ದರೂ ಮುನ್ನೆಚ್ಚರಿಕೆ ವಹಿಸಬೇಕು, ಹಾನಿ ಆಗೋದಿಲ್ಲ ಅಂತ ತೋರಿಸೋ ಹೊಣೆ ಕಾರ್ಖಾನೆ ಹಾಕುವವರದು ಅನ್ನೋ ತತ್ವವನ್ನು ಕೋರ್ಟ್ ವಿವರಿಸಿತು. ಅದಕ್ಕೆ ಉಲ್ಲೇಖಿಸಿದ ಬರಹಗಳಲ್ಲಿ ಒಂದು, 1998ರ 'ಹಾರ್ವರ್ಡ್ ಎನ್ವಿರಾನ್ಮೆಂಟಲ್ ಲಾ ರಿವ್ಯೂ'ದಲ್ಲಿ ಚಾರ್ಮಿಯನ್ ಬಾರ್ಟನ್ ಬರೆದ ಲೇಖನ. ಅದರ ವಿಷಯ ಆಸ್ಟ್ರೇಲಿಯಾ. ಅಮೆರಿಕದ ವಿದ್ಯಾರ್ಥಿಗಳು ಆರಿಸಿದ, ಆಸ್ಟ್ರೇಲಿಯಾದ ಬಗ್ಗೆ ಇದ್ದ ಲೇಖನ ಒಂದೇ ವರ್ಷದಲ್ಲಿ ಭಾರತದ ತೀರ್ಪಿನೊಳಗೆ ಬಂತು. ಇಲ್ಲಿ ಒಳ್ಳೇದೇ ಆಯಿತು. ಆದರೆ ದಾರಿ ಹೆಂಗಿರತೈತಿ ಅನ್ನೋದು ತಿಳೀತಲ್ಲ. ಪತ್ರಿಕೆಯಿಂದ ಕೋರ್ಟು ಅಥವಾ ಸಚಿವಾಲಯ, ಅಲ್ಲಿಂದ ನಮ್ಮ ಊರು.

ಈಗ ನವಲಗುಂದಕ್ಕೆ ಬರೋಣ.

ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭಾ ಹೊಳಿಗೆ ಅಣೆಕಟ್ಟು ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಕಾಲುವೆಗಳು ಈ ಕಡೆ ಬಂದವು. ಜೊತೆಗೆ ಬಂದದ್ದು ಬೆಟರ್‌ಮೆಂಟ್ ಲೆವಿ, ಅಂದ್ರ ಅಭಿವೃದ್ಧಿ ಕರ. ಇದರ ಹಿಂದಿದ್ದದ್ದು 1957ರ ನೀರಾವರಿ ಕರದ ಕಾಯ್ದೆ. ತರ್ಕ ಕಾಗದದ ಮೇಲೆ ಸರಳ. ನೀರು ಬಂದರೆ ಹೊಲದ ಬೆಲೆ ಏರುತ್ತದೆ, ಏರಿಸಿದ್ದು ಸರ್ಕಾರದ ದುಡ್ಡು, ಆದ್ದರಿಂದ ಏರಿದ್ದರಲ್ಲಿ ಒಂದು ಪಾಲು ಸರ್ಕಾರಕ್ಕೆ.

ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದರಲ್ಲಿ ತಪ್ಪು ಕಾಣೋದಿಲ್ಲ. ಆದರೆ ಏರಿಕೆಯನ್ನು ಅಳೆಯೋದು ಹೇಗೆ? ನೀರಾವರಿಯ ಲಾಭ ಅಳೆಯೋ ವಿದ್ಯೆ ನಮ್ಮ ದೇಶದಲ್ಲಿ ಅಷ್ಟೊತ್ತಿಗೆ ಇತ್ತು. ಪುಣೆಯ ಗೋಖಲೆ ಸಂಸ್ಥೆಯ ಡಿ.ಆರ್. ಗಾಡ್ಗೀಳರು ಗೋದಾವರಿ ಮತ್ತು ಪ್ರವರಾ ಕಾಲುವೆಗಳ ಪ್ರದೇಶದಲ್ಲಿ ಸಮೀಕ್ಷೆ ಮಾಡಿಸಿ, ನೀರು ಬಂದ ಹೊಲಕ್ಕೂ ಬಾರದ ಹೊಲಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿ 1948ರಲ್ಲೇ ಪ್ರಕಟಿಸಿದ್ದರು. ಹೊಲಕ್ಕೆ ಹೋಗಿ ನೋಡಿದರೆ ಮಾತ್ರ ಈ ಲೆಕ್ಕ ಸರಿಯಾಗುತ್ತೆ. ನಮ್ಮ ಕಡೆ ಹೊಲದಲ್ಲಿ ಏನಿತ್ತು? ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿರಲಿಲ್ಲ. ನೀರು ಮುಟ್ಟಿದ ಕೆಲವು ಕಡೆ ಎರಿ ಭೂಮಿ ಜವಳು ಹಿಡಿದಿತ್ತು. ಹತ್ತಿಯ ಬೆಲೆ ಬಿದ್ದಿತ್ತು. ಆದರೂ ಕರದ ನೋಟಿಸು ಮಾತ್ರ ಬಂತು.

21 ಜುಲೈ 1980ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು. ನಮ್ಮ ತಾಲೂಕಿನ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಕಳಕೊಂಡರು. ನರಗುಂದದಲ್ಲಿ ಪೊಲೀಸರೂ ಸತ್ತರು. ಗುಂಡೂರಾವ್ ಸರ್ಕಾರ ಕರದ ವಿಷಯದಲ್ಲಿ ಹಿಂದೆ ಸರಿಯಬೇಕಾಯಿತು. ಅದೇ ಕಿಚ್ಚಿನಲ್ಲಿ ರಾಜ್ಯ ರೈತ ಸಂಘ ಬೆಳೆಯಿತು. 1983ರಲ್ಲಿ ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಪ್ರತಿ ವರ್ಷ ಜುಲೈ 21ಕ್ಕೆ ನಮ್ಮ ಕಡೆ ಹುತಾತ್ಮ ದಿನ ಮಾಡ್ತೇವಿ, ನಿಮಗ ಗೊತ್ತೇ ಐತಿ.

ನಾನು ಇದನ್ನು ಬೇರೆ ಕಡೆಯಿಂದ ನೋಡಿ ಅಂತೀನಿ. ಪಿಯರ್ ಅಂದರೆ ಓರಿಗೆಯವರು, ವಿಷಯ ಬಲ್ಲವರು. ಎರಿ ಭೂಮಿಗೆ ನೀರು ಬಂದರೆ ಏನಾಗುತ್ತೆ ಅನ್ನೋದನ್ನು ಬಲ್ಲವರು ಯಾರು? ಆ ಲೆಕ್ಕವನ್ನು ಕಾಯ್ದೆಯ ಹೊತ್ತಿಗೆ, ನೋಟಿಸಿನ ಹೊತ್ತಿಗೆ ಅವರ ಮುಂದೆ ಇಟ್ಟಿದ್ದರೆ ತಪ್ಪು ಎಲ್ಲಿದೆ ಅಂತ ಅರ್ಧ ತಾಸಿನಲ್ಲಿ ಹೇಳುತ್ತಿದ್ದರು. ಇಡಲಿಲ್ಲ. ಪರಿಶೀಲನೆ ಮೋರ್ಚಾದ ರೂಪದಲ್ಲಿ, ತಡವಾಗಿ ಬಂತು. ಅದಕ್ಕೆ ಜೀವಗಳ ಬೆಲೆ ತೆರಬೇಕಾಯಿತು.

ಇದೇ ಧಾರವಾಡ ಜಿಲ್ಲೆಯಲ್ಲಿ, ಜಿಲ್ಲೆ ಇನ್ನೂ ಒಡೆಯದಿದ್ದಾಗ, ಇನ್ನೊಂದು ಕಥೆ ನಡೆಯಿತು. ಈಗ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ ತಾಲೂಕಿನ ಕುಸನೂರು. ಅದಕ್ಕೂ ಮೊದಲು ಒಂದು ಲೇಖನದ ಬಗ್ಗೆ ಹೇಳಬೇಕು. 1968ರ ಡಿಸೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನೋ ಜೀವವಿಜ್ಞಾನಿ ಸಾಮೂಹಿಕ ಆಸ್ತಿಯ ದುರಂತದ ಬಗ್ಗೆ ಬರೆದರು. ಎಲ್ಲರಿಗೂ ಸೇರಿದ ಗೋಮಾಳವನ್ನು ಪ್ರತಿಯೊಬ್ಬನೂ ಹೆಚ್ಚು ದನ ಬಿಟ್ಟು ಹಾಳು ಮಾಡ್ತಾನೆ ಅನ್ನೋದು ವಾದ. ಯಾವುದೋ ಊರಿನ ಗೋಮಾಳ ನೋಡಿ ಎಣಿಸಿ ಬರೆದದ್ದಲ್ಲ, ಊಹೆಯ ಗೋಮಾಳ. ಆದರೂ ಜಗತ್ತಿನ ತುಂಬ ಆ ಲೇಖನ ಓಡಿತು. ಹಂಚಿಕೊಂಡ ನೆಲವನ್ನು ಸರ್ಕಾರಕ್ಕೋ ಖಾಸಗಿಯವರಿಗೋ ಕೊಡಬೇಕು ಅನ್ನುವವರಿಗೆ ಅದು ಆಧಾರವಾಯಿತು.

1984ರಲ್ಲಿ ಕರ್ನಾಟಕ ಸರ್ಕಾರದ ಕಡೆಯವರೂ ಹರಿಹರ ಪಾಲಿಫೈಬರ್ಸ್‌ನವರೂ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ಮಾಡಿದರು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಬೆಳೆಸೋದು ಯೋಜನೆ. ಅದು ಊರವರು ದನ ಮೇಯಿಸುತ್ತಿದ್ದ, ಉರುವಲು ತರುತ್ತಿದ್ದ ನೆಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿಯಲ್ಲಿ ಮುಂದೆ ನಿಂತವರು ಕಾದಂಬರಿಕಾರ ಶಿವರಾಮ ಕಾರಂತರು. 14 ನವೆಂಬರ್ 1987ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದಕ್ಕೆ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಅಂತಲೇ ಹೆಸರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಅದೇ ಹೊತ್ತಿಗೆ, 1986ರಲ್ಲಿ, ಎನ್.ಎಸ್. ಜೋಧಾ ಅವರು 'ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಒಂದು ಲೇಖನ ಬರೆದರು. ಕರ್ನಾಟಕವೂ ಸೇರಿ 7 ರಾಜ್ಯಗಳ 80ಕ್ಕೂ ಹೆಚ್ಚು ಹಳ್ಳಿ ನೋಡಿ, ಬಡವರ ಬದುಕು ಸಾಮೂಹಿಕ ನೆಲದ ಮೇಲೆ ಎಷ್ಟು ನಿಂತಿದೆ ಅಂತ ಎಣಿಸಿ ತೋರಿಸಿದರು. ಊರವರು ನಿಯಮ ಮಾಡಿಕೊಂಡು ಗೋಮಾಳ, ಕೆರೆ, ಕಾಡು ಕಾಯ್ತಾರೆ ಅಂತ ತೋರಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾರ್ಡಿನ್ ಲೇಖನ ಬಂದು 41 ವರ್ಷ ಆಗಿತ್ತು. ಪ್ರಕಟವಾದ ವಾದವನ್ನು ವಿದ್ವಾಂಸರು ತಿದ್ದುತ್ತಾರೆ, ನಿಜ. ಆದರೆ ಅಷ್ಟು ದಿನ ದನಕ್ಕೆ ಮೇವು ಕಾಯಂಗಿಲ್ಲ.

ಇವತ್ತು ಹೆಂಗೈತಿ? 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿ ತಂದಿತು. ಲೇಖನ ಪ್ರಕಟಿಸಿದರೆ ಅಂಕ. ಬೇಡಿಕೆ ಹುಟ್ಟಿದ ಕೂಡಲೇ ಅಂಗಡಿಗಳೂ ಹುಟ್ಟಿದವು, ಇದು ಕಾಮರ್ಸ್‌ನ ಮೊದಲ ಪಾಠ. ದುಡ್ಡು ಕಟ್ಟಿದರೆ ಎರಡು ಮೂರು ದಿನದಲ್ಲಿ ಲೇಖನ ಹಾಕುವ, 'ಪಿಯರ್ ರಿವ್ಯೂಡ್' ಅಂತ ಮುಖಪುಟದಲ್ಲೇ ಬರೆದುಕೊಂಡ ಪತ್ರಿಕೆಗಳು. ನಮ್ಮ ಬೆಂಗಳೂರಿನಿಂದಲೇ ಬರುವ 'ಕರೆಂಟ್ ಸೈನ್ಸ್'ನಲ್ಲಿ 2018ರಲ್ಲಿ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು, ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಯುಜಿಸಿ ಪಟ್ಟಿಗೆ ಸೇರಿಸಿದ್ದ ಪತ್ರಿಕೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ 88 ಶೇಕಡಾದಷ್ಟು ಕಳಪೆ ಇರಬಹುದು ಅಂತ ಬರೆದರು. ಅದೇ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆಯಿತು. ಆಮೇಲೆ 'ಕೇರ್' ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟರು. ಯಾವ ಪತ್ರಿಕೆ ಒಳ್ಳೇದು ಅಂತ ಈಗ ಸಂಸ್ಥೆಗಳೇ ನೋಡಿಕೊಳ್ಳಬೇಕು.

ಇನ್ನು ಒಳ್ಳೆಯ ಪತ್ರಿಕೆಗಳು ಬೀಗದ ಹಿಂದೆ ಇವೆ. ಕೇಂದ್ರ ಸರ್ಕಾರ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಅಂತ 3 ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು 30 ಪ್ರಕಾಶಕರ ಸುಮಾರು 13,000 ಪತ್ರಿಕೆ ತರಿಸುತ್ತಿದೆ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇರುವವರಿಗೆ ಅದು ನಿಜವಾಗಲೂ ದೊಡ್ಡ ಅನುಕೂಲ. ಕಾಲೇಜು ಬಿಟ್ಟವರಿಗೆ, ರೈತ ಸಂಘದವರಿಗೆ, ತಾಲೂಕು ಕೋರ್ಟಿನ ವಕೀಲರಿಗೆ, ನನ್ನಂಥವರಿಗೆ ಅದರಲ್ಲಿ ಜಾಗ ಇಲ್ಲ. ತೆರಿಗೆ ಮಾತ್ರ ಎಲ್ಲರದೂ ಐತಿ.

ಇದು ಹಳೇ ಕಥೆ ಅಂತ ಬಿಡೋ ಹಂಗಿಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಿತು, ಅದರಲ್ಲಿ 3.9 ಟಿಎಂಸಿ ಕಳಸಾ ಬಂಡೂರಿ ಮೂಲಕ ಮಲಪ್ರಭೆಗೆ. ಅರಣ್ಯ, ವನ್ಯಜೀವಿ, ನೀರಿನ ಲಭ್ಯತೆ ಎಲ್ಲದರ ಮೇಲೂ ಎರಡೂ ಕಡೆಯವರು ತಜ್ಞರ ವರದಿ ಇಟ್ಟುಕೊಂಡೇ ವಾದ ಮಾಡ್ತಾರ. ಬೀದಿಯಲ್ಲಿ ಕೂತ ನಮ್ಮ ರೈತರ ಕೈಯಲ್ಲಿ ಆ ವರದಿ ಕನ್ನಡದಲ್ಲಿ ಇಲ್ಲ. ಗೋವಾದ ಕಾಡಿನ ಜನರ ಕೈಯಲ್ಲಿ ಅವರ ಭಾಷೆಯಲ್ಲಿ ಇದ್ದರೆ ಅವರಿಗೂ ಒಳ್ಳೇದೇ.

ಪಿಯರ್ ರಿವ್ಯೂ ಬೇಡ ಅಂತ ನಾನು ಹೇಳ್ತಿಲ್ಲ. ಇನ್ನೂ ಹೆಚ್ಚು ಬೇಕು ಅಂತೀನಿ. ಇಬ್ಬರು ಪ್ರೊಫೆಸರು ಲೇಖನದ ತರ್ಕ ನೋಡಲಿ, ಲೇಖನ ಯಾರ ಹೊಲದ ಬಗ್ಗೆ ಇದೆಯೋ ಅವರು ಅದರ ಸಂಗತಿ ನೋಡಲಿ. ಅದಕ್ಕೆ ಎರಡು ಬೇಕು: ಬೀಗ ತೆಗೆದಿರಬೇಕು, ಕನ್ನಡದಲ್ಲಿ ಸಾರಾಂಶ ಇರಬೇಕು. ಸಾರ್ವಜನಿಕ ದುಡ್ಡಿನ ಸಂಶೋಧನೆಗೆ ಇಷ್ಟು ಕೇಳೋದು ಜಾಸ್ತಿ ಅಲ್ಲ.

ಅಲ್ಲಿವರೆಗೆ ಮೊಬೈಲಿನಲ್ಲೇ ಪುಕ್ಕಟೆ ಸಿಗುವ ಮೂರು ಜಾಗ ಹೇಳ್ತೀನಿ, ಬರಕೋರಿ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ. ಕಾಯ್ದೆಗಳಿಗೆ ಇಂಡಿಯಾ ಕೋಡ್. ಸುಪ್ರೀಂ ಕೋರ್ಟಿನ ತೀರ್ಪುಗಳಿಗೆ ಇ-ಎಸ್‌ಸಿಆರ್, ಕೆಲವು ತೀರ್ಪು ಕನ್ನಡದಲ್ಲೂ ಇವೆ. ನಿಮ್ಮ ಊರಿನ, ಹಳ್ಳದ, ಕಾಲುವೆಯ ಹೆಸರು ಹಾಕಿ ಹುಡುಕ್ರಿ. ಏನು ಬರೆದಾರ ಓದ್ರಿ. ಸಂಗತಿ ತಪ್ಪಿದ್ದರೆ ಬರೆದವರಿಗೆ ಒಂದು ಇಮೇಲ್ ಹಾಕ್ರಿ, ಕನ್ನಡದಾಗ ಹಾಕಿದರೂ ನಡೀತೈತಿ. ಮುಂದಿನ ವಾರ ಸಿಗೋಣ್ರಿ.