ಕಲ್ಕತ್ತೆಯ ಪದವಿ, ಲಂಡನ್ನಿನ ಮುದ್ರೆ

ಕಲ್ಕತ್ತೆಯ ಮೆಡಿಕಲ್ ಕಾಲೇಜು ಆರಂಭವಾದದ್ದು 1835ರಲ್ಲಿ. 1845ರಲ್ಲಿ ಅದರ ನಾಲ್ವರು ವಿದ್ಯಾರ್ಥಿಗಳು ಪ್ರಾಧ್ಯಾಪಕ ಗುಡೀವರೊಡನೆ ಹಡಗೇರಿ ಲಂಡನ್ನಿಗೆ ಹೊರಟರು. ಇಬ್ಬರ ವೆಚ್ಚವನ್ನು ದ್ವಾರಕಾನಾಥ ಠಾಕೂರರು ವಹಿಸಿಕೊಂಡರು. ಕಡಲು ದಾಟಿದರೆ ಜಾತಿ ಕೆಟ್ಟಿತೆಂದು ನಂಬಿದ್ದ ಕಾಲವದು. ಆ ನಾಲ್ವರಲ್ಲಿ ಸೂರ್ಯಕುಮಾರ ಚಕ್ರವರ್ತಿಯವರು 1849ರಲ್ಲಿ ಎಂ.ಡಿ. ಪಡೆದರು, 1855ರಲ್ಲಿ ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದು ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ಮೊದಲ ಭಾರತೀಯರಾದರು.

ವೈದ್ಯರ ನೋಂದಣಿಗಾಗಿ ಬ್ರಿಟನ್ನಿನಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್ ಹುಟ್ಟಿದ್ದು 1858ರ ಕಾಯಿದೆಯಿಂದ. ಮುಂದೆ ಅದು ಭಾರತದ ಪದವಿಗಳಿಗೂ ಮನ್ನಣೆ ನೀಡಿತು. ಆದರೆ ಇಲ್ಲಿನ ಪ್ರಸೂತಿ ತರಬೇತಿ ಸಾಲದೆಂಬ ಆಕ್ಷೇಪದಿಂದ ಮೊದಲಾದ ಜಗಳ ಬೆಳೆದು, 1930ರಲ್ಲಿ ಆ ಮನ್ನಣೆ ಹೋಯಿತು. ಗುಣಮಟ್ಟವನ್ನು ನಾವೇ ಅಳೆಯಬೇಕೆಂಬ ಹಟ ಆ ಪೆಟ್ಟಿನಿಂದ ಬಲಗೊಂಡು, 1933ರಲ್ಲಿ ಇಂಡಿಯನ್ ಮೆಡಿಕಲ್ ಕೌನ್ಸಿಲ್ ಕಾಯಿದೆ ಬಂದಿತು. 1936ರಲ್ಲಿ ಮರಳಿದ ಮನ್ನಣೆ 1975ರಲ್ಲಿ ಮತ್ತೆ ತಪ್ಪಿತು.

ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಬ್ರಿಟನ್ನಿಗೆ ಹೊರಡುವ ನಮ್ಮ ಯುವ ವೈದ್ಯರಲ್ಲಿ ಅನೇಕರು ಇಂದು ಪ್ಲ್ಯಾಬ್ ಪರೀಕ್ಷೆಯ ಎರಡು ಭಾಗಗಳನ್ನೂ ದಾಟಬೇಕು. ಅದನ್ನು ಕೇವಲ ಅವಮಾನವೆಂದು ನಾವು ಎಣಿಸಬೇಕಿಲ್ಲ. ರೋಗಿಯ ಹಿತಕ್ಕೆ ಪರೀಕ್ಷೆ ಬೇಕು. ಆದರೆ ನಮ್ಮ ಕಾಲೇಜುಗಳನ್ನು ನಾವೇ ಅಷ್ಟು ನಿಷ್ಠುರವಾಗಿ ಅಳೆಯುತ್ತಿದ್ದೇವೆಯೇ ಎಂಬ 1933ರ ಪ್ರಶ್ನೆ ಇನ್ನೂ ನಮ್ಮ ಮುಂದಿದೆ.